ಕಡಲಂಚಿನ ಮೋಡ, ಒಳನಾಡಿನ ಮೋಡ

(ಮಹಿಳಾ ವೇದಿಕೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ಹವಾಮಾನ ತಜ್ಞೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಅಂಕಿಅಂಶ ನೋಡುವ ಅಭ್ಯಾಸದಿಂದ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ನಮ್ಮಲ್ಲಿ ಅನೇಕರು ಬೆಂಗಳೂರು, ಮೈಸೂರು, ತುಮಕೂರು ಕಡೆಯಿಂದ ಬಂದು ಚೆನ್ನೈಯಲ್ಲಿ ನೆಲೆಸಿದವರು. ಊರಲ್ಲಿ ಮೋಡ ನೋಡಿ ಹಪ್ಪಳ ಒಳಗೆ ತರುತ್ತಿದ್ದ ಅಂದಾಜು ಇಲ್ಲಿ ಕೈಕೊಡುತ್ತದೆ. ಕಡಲಂಚಿನ ಮೋಡ ಬೇರೆ, ಒಳನಾಡಿನ ಮೋಡ ಬೇರೆ.

ನೆಲದ ಬಳಿಯ ಗಾಳಿ ಬಿಸಿಯಾಗಿ ಮೇಲೇರುತ್ತಾ ತಣ್ಣಗಾಗುತ್ತದೆ. ಅದರ ತೇವ ಹನಿಗಟ್ಟುವ ಎತ್ತರವೇ ಮೋಡದ ತಳ. ತೇವ ಹನಿಗಟ್ಟಲು ಗಾಳಿ ಎಷ್ಟು ಡಿಗ್ರಿಗೆ ತಣಿಯಬೇಕೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಗಾಳಿಯ ಉಷ್ಣತೆಯಲ್ಲಿ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ; ತಳದ ಎತ್ತರ ಸುಮಾರಾಗಿ ಮೀಟರಿನಲ್ಲಿ ಸಿಗುತ್ತದೆ. ಚೆನ್ನೈಯಲ್ಲಿ ಉಷ್ಣತೆ 34 ಡಿಗ್ರಿ, ಇಬ್ಬನಿ ಬಿಂದು 26 ಎಂದಿಟ್ಟುಕೊಳ್ಳಿ: 1000 ಮೀಟರ್. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಅದೇ 34 ಡಿಗ್ರಿ, ಇಬ್ಬನಿ ಬಿಂದು 14 ಎಂದರೆ 2500 ಮೀಟರ್. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಾಗಾಗಿ ಎರಡೂರಿನ ಮೋಡ ಹೋಲಿಸುವಾಗ ನೆಲದ ಎತ್ತರವನ್ನೂ ಕೂಡಿಸಬೇಕು.

ಉಪಗ್ರಹ ಮುಖ್ಯವಾಗಿ ಮೋಡದ ನೆತ್ತಿಯನ್ನು ನೋಡುತ್ತದೆ. ತಳವನ್ನು ಅಳೆಯಲು ನೆಲದ ಮೇಲಿನ ಉಪಕರಣ ಬೇಕು. ವಿಮಾನ ನಿಲ್ದಾಣಗಳಲ್ಲಿರುವ ಸೀಲೋಮೀಟರ್ ಲೇಸರ್ ಬೆಳಕನ್ನು ನೇರ ಮೇಲಕ್ಕೆ ಬಿಟ್ಟು, ಅದು ಮೋಡಕ್ಕೆ ತಾಗಿ ಮರಳುವ ಸಮಯ ಎಣಿಸುತ್ತದೆ. 900 ಮೀಟರಿನ ಮೋಡದಿಂದ ಬೆಳಕು ಮರಳಲು ಸೆಕೆಂಡಿನ ಹತ್ತು ಲಕ್ಷದ 6 ಭಾಗ ಸಾಕು. ಆದರೆ ಅದಕ್ಕೆ ತನ್ನ ನೆತ್ತಿಯ ಮೇಲಿನ ಮೋಡ ಮಾತ್ರ ಕಾಣುತ್ತದೆ. ಸುತ್ತಲಿನ ನೂರಾರು ಕಿಲೋಮೀಟರ್ ನೋಡಲು ಚೆನ್ನೈ ಬಂದರಿನ ಕಟ್ಟಡದ ಮೇಲೆ 2002ರಿಂದ ಡಾಪ್ಲರ್ ರಾಡಾರ್ ಇದೆ. ಅದು ಹಿಡಿಯುವುದು ಮೋಡದೊಳಗಿನ ಮಳೆಹನಿಗಳನ್ನು. ನೆಲಕ್ಕೆ ನಿಜವಾಗಿ ಎಷ್ಟು ಬಿತ್ತು ಎನ್ನುವುದಕ್ಕೆ ಮಳೆಮಾಪಕವೇ ಸಾಕ್ಷಿ.

ಇವೆಲ್ಲ ಸೇರಿ ತೋರಿಸುವ ಚಿತ್ರ ಹೀಗಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಪಡುವಣ ಗಾಳಿ. ಮಧ್ಯಾಹ್ನ ಕಡಲ ಗಾಳಿ ಒಳನುಗ್ಗಿ ಅದಕ್ಕೆ ಎದುರಾಗುತ್ತದೆ. ಎರಡೂ ಸೇರುವಲ್ಲಿ, ಅಂದರೆ ಪೂಂದಮಲ್ಲಿ, ಶ್ರೀಪೆರುಂಬುದೂರು ಕಡೆ, ಮೋಡ ಗೋಪುರದಂತೆ ಏಳುತ್ತದೆ. ಸಂಜೆ ಗುಡುಗು ಮಳೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಮೋಡಗಳು ಬಂಗಾಳ ಕೊಲ್ಲಿಯಿಂದ ಸಾಲುಸಾಲಾಗಿ ಬರುತ್ತವೆ. ಆಗ ಕಡಲಂಚಿನಲ್ಲಿ ರಾತ್ರಿ, ಬೆಳಗಿನ ಜಾವವೂ ಮಳೆ ಜೋರು.

ಈ ವ್ಯತ್ಯಾಸದ ಬೆಲೆ ನಮಗೆ ಗೊತ್ತಿದೆ. 2015ರ ಡಿಸೆಂಬರ್ 2ರ ಬೆಳಗಿಗೆ ಮುಗಿದ 24 ಗಂಟೆಗಳಲ್ಲಿ ನುಂಗಂಬಾಕ್ಕಂನಲ್ಲಿ 29 ಸೆಂ.ಮೀ. ಮಳೆಯಾದರೆ, ಒಳಗಿನ ತಾಂಬರಂನಲ್ಲಿ 49, ಚೆಂಬರಂಬಾಕ್ಕಂನಲ್ಲಿ 47. ಊರೊಳಗೆ ಬಿದ್ದ ಮಳೆಯ ಜೊತೆಗೆ, ಮೇಲ್ಭಾಗದಲ್ಲಿ ಬಿದ್ದ ಮಳೆ ಅಡ್ಯಾರ್ ನದಿಯಲ್ಲಿ ಹರಿದು ಬಂದು ಮನೆಗಳಿಗೆ ನುಗ್ಗಿತು. 2021ರ ಡಿಸೆಂಬರ್ 30ರಂದು ಇದಕ್ಕೆ ತಿರುಗುಮುರುಗು: ಎಂ.ಆರ್.ಸಿ. ನಗರದ ಸುತ್ತ ಕಡಲಂಚಿನಲ್ಲಿ ಸುಮಾರು 20 ಸೆಂ.ಮೀ., ಒಳಗಿನ ಬಡಾವಣೆಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಕೆಲಸದಿಂದ ಮರಳುತ್ತಿದ್ದವರು ರಸ್ತೆಯಲ್ಲೇ ಸಿಕ್ಕಿಬಿದ್ದರು. ಒಂದೇ ಕೇಂದ್ರದ ಅಂಕಿ ಇಡೀ ಚೆನ್ನೈಯ ಅಂಕಿಯಲ್ಲ.

ಉಪಕರಣಗಳ ಮಾತಿನಲ್ಲಿ ಒಬ್ಬ ಮಹಿಳೆಯನ್ನು ನೆನೆಯಲೇಬೇಕು: ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂದು ಅವರಿಗೆ ಪಿಎಚ್.ಡಿ. ಸಿಗಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿದರು. ತಪ್ಪು ಅಳತೆಗಿಂತ ಅಳತೆಯಿಲ್ಲದಿರುವುದೇ ಮೇಲು ಎಂಬುದು ಅವರ ನಿಲುವಾಗಿತ್ತು.

ನಾವೇನು ಮಾಡಬಹುದು? ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಚೆನ್ನೈ ರಾಡಾರ್ ಚಿತ್ರ ನೋಡಿ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದರೆ ಮಳೆ ಯಾವ ಕಡೆ ಸಾಗುತ್ತಿದೆ ಎಂದು ತಿಳಿಯುತ್ತದೆ. ತಾರಸಿಯ ಮೇಲೆ, ಗೋಡೆ ಮರ ಅಡ್ಡ ಬರದ ಕಡೆ, ತಳದಿಂದ ಬಾಯಿವರೆಗೆ ಒಂದೇ ಅಗಲದ ಸ್ಟೀಲ್ ಡಬ್ಬಿ ಇಡಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಬರೆದಿಟ್ಟು, ಡಬ್ಬಿ ಖಾಲಿ ಮಾಡಿ. ವೇಳಚ್ಚೇರಿ, ಅಣ್ಣಾನಗರ, ತಾಂಬರಂ, ಅಡ್ಯಾರ್ ಹೀಗೆ ಎಲ್ಲ ಕಡೆಯೂ ನಮ್ಮ ಸದಸ್ಯೆಯರಿದ್ದಾರೆ. ಈ ಹಿಂಗಾರಿನಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲೇ ದಿನದ ಅಳತೆ ಹಂಚಿಕೊಳ್ಳೋಣ. ಕಡಲಂಚಿಗೂ ಒಳಭಾಗಕ್ಕೂ ಎಷ್ಟು ವ್ಯತ್ಯಾಸವೆಂದು ನಾವೇ ಕಾಣಬಹುದು. ನದಿ, ಕೆರೆಯ ಪಕ್ಕದಲ್ಲಿರುವವರಿಗೆ ಮೇಲ್ಭಾಗದ ಮಳೆಯ ಸುದ್ದಿಯೂ ಬೇಗ ತಲುಪುತ್ತದೆ.