ಮಳೆಯ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಸಾಹಿತ್ಯದ ಮಾತು, ಸಂಗೀತದ ಮಾತು ನಡೆಯುವುದು ವಾಡಿಕೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾವು ಅಂಥ ಮಾತಿಗೆ ಅಧಿಕಾರಿಗಳಲ್ಲ. ಕಾರ್ಯದರ್ಶಿಗಳು ನಮ್ಮನ್ನು ಕರೆದಾಗ, ನಮಗೆ ತಿಳಿದ ಲೆಕ್ಕದ ಮಾತನ್ನೇ ಆಡುವೆವೆಂದು ಅರಿಕೆ ಮಾಡಿಕೊಂಡೆವು, ಅವರು ಒಪ್ಪಿದರು. ಇಂದು ನಾವು ಆಯ್ದುಕೊಂಡಿರುವುದು ಮಳೆಯ ಲೆಕ್ಕ.

ಪುಣೆಯಲ್ಲಿ ಎಷ್ಟೇ ವರ್ಷ ನೆಲೆಸಿದ್ದರೂ, ಊರಿಗೆ ಫೋನು ಮಾಡಿದಾಗ ನಾವು ಕೇಳುವ ಮೊದಲ ಮಾತು "ಎಲ್ಲರೂ ಆರಾಮ?" ಎಂಬುದಾದರೆ ಎರಡನೆಯದು "ಮಳಿ ಹ್ಯಾಂಗದ?" ಎಂಬುದೇ ಆಗಿರುತ್ತದೆ. ನಮ್ಮಲ್ಲಿ ಕೆಲವರ ಮನೆತನಗಳು ಈ ನಗರಕ್ಕೆ ಬಂದದ್ದು ನೌಕರಿಗಾಗಿ. ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯ ಎಷ್ಟೋ ಕುಟುಂಬಗಳು ಬಂದದ್ದು ಮಳೆ ಕೈಕೊಟ್ಟದ್ದರಿಂದ. 1972ರ ಬರವನ್ನು ಕಂಡ ಹಿರಿಯರು ಈ ಸಭೆಯಲ್ಲಿ ಇರಬಹುದು. ಕಿರಿಯರಿಗೆ 2023ರ ನೆನಪು ಸಾಕು: ಆ ವರ್ಷ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರ ಸಾರಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಬೆಳಗಾವಿ ಬಾಗಲಕೋಟೆಗಳ ಊರುಗಳು ಕೃಷ್ಣೆಯ ನೆರೆಯಲ್ಲಿ ಮುಳುಗಿದ್ದವು.

ನಾವಿರುವ ಈ ಪುಣೆ ಮಳೆಯ ಲೆಕ್ಕವಿಡುವ ಊರು ಎಂಬುದನ್ನು ನಾವು ಮರೆತಿರುತ್ತೇವೆ. ಶಿವಾಜಿನಗರದಲ್ಲಿ ಜನ ಇಂದಿಗೂ 'ಸಿಮ್ಲಾ ಆಫೀಸ್' ಎಂದು ಕರೆಯುವ ಕಟ್ಟಡಕ್ಕೆ ಆ ಹೆಸರು ಬಂದದ್ದು, 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ. ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ 1962ರಲ್ಲಿ ಹುಟ್ಟಿತು. ಅಲ್ಲಿನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಧ್ಯಭಾರತದಲ್ಲಿ ವಿಶಾಲ ಪ್ರದೇಶವನ್ನು ಒಮ್ಮೆಲೇ ಆವರಿಸಿ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಆದರೆ ಮುಂಗಾರಿನ ಒಟ್ಟು ಮಳೆ ಹೆಚ್ಚಿಲ್ಲ, ತಗ್ಗಿದೆ. ಬಂದರೆ ಕೊಚ್ಚಿಕೊಂಡು ಹೋಗುವಷ್ಟು, ಇಲ್ಲದಿದ್ದರೆ ಬಾಯಾರಿಸುವಷ್ಟು ಎಂದು ನಮ್ಮ ರೈತರು ಹೇಳುತ್ತ ಬಂದುದಕ್ಕೆ ಇದು ಅಂಕಿಗಳ ಸಾಕ್ಷಿ.

ಇದರಿಂದ ಎಷ್ಟು ರೂಪಾಯಿ ನಷ್ಟ, ಅದನ್ನು ಹೊರುವವರು ಯಾರು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಭಾರತ ಸರಕಾರದ 2017-18ರ ಆರ್ಥಿಕ ಸಮೀಕ್ಷೆಯು, ಹವಾಮಾನ ಬದಲಾವಣೆಯಿಂದ ಕೃಷಿಯ ಆದಾಯ ಸರಾಸರಿ 15ರಿಂದ 18 ಪ್ರತಿಶತ ಕುಗ್ಗಬಹುದು, ನೀರಾವರಿ ಇಲ್ಲದ ಪ್ರದೇಶಗಳಲ್ಲಿ 20ರಿಂದ 25 ಪ್ರತಿಶತ ಕುಗ್ಗಬಹುದು ಎಂದು ಅಂದಾಜು ಮಾಡಿತು. ಮಳೆಯನ್ನೇ ನಂಬಿದ ಬಡವನಿಗೇ ಹೆಚ್ಚಿನ ಪೆಟ್ಟು ಎಂದಾಯಿತು.

ಈ ಪೆಟ್ಟನ್ನು ಹಂಚಿಕೊಳ್ಳುವ ಉಪಾಯವನ್ನು ನೂರು ವರ್ಷಗಳ ಹಿಂದೆಯೇ ಬರೆದಿಟ್ಟವರು ನಮ್ಮ ಮೈಸೂರಿನವರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ ಎಂಬವರು 1920ರಲ್ಲಿ ಕೃಷಿ ವಿಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಸಲಹೆಯ ತಿರುಳು ಸರಳವಾದುದು. ಬೆಳೆಗೆ ವಿಮೆ ಮಾಡುವುದರ ಬದಲು ಮಳೆಗೆ ವಿಮೆ ಮಾಡಿರಿ. ಮಳೆಮಾಪಕದಲ್ಲಿ ನಿಗದಿಯಾದ ಪ್ರಮಾಣಕ್ಕಿಂತ ಕಡಿಮೆ ನೀರು ಬಿದ್ದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಪರಿಹಾರ ಕೊಡಿರಿ. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟವನ್ನು ಅಳೆಯುವ ತೊಡಕಿಲ್ಲ, ಅಳೆಯುವವನ ಕೈ ಬಿಸಿ ಮಾಡುವ ಪ್ರಮೇಯವೂ ಇಲ್ಲ. ಜಗತ್ತಿನ ಅರ್ಥಶಾಸ್ತ್ರಜ್ಞರು ಇಂದು ಹೊಸದೆಂದು ಚರ್ಚಿಸುವ ಮಳೆಯಾಧಾರಿತ ವಿಮೆಯ ಬೀಜ ಇಲ್ಲಿದೆ.

ಆ ಬೀಜ ಬಹುಕಾಲ ಮೊಳೆಯಲಿಲ್ಲ. ಆ ದಾರಿಯ ವಿಚಾರ ಮತ್ತೆ ಬಲವಾಗಿ ಎದ್ದುದು ಈ ಪುಣೆಯಲ್ಲಿ. 1930ರಲ್ಲಿ ಸ್ಥಾಪಿತವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿದ್ದ ವಿ. ಎಂ. ದಾಂಡೇಕರರು 1976ರಲ್ಲಿ ಬೆಳೆ ವಿಮೆಯನ್ನು ಕುರಿತು ಲೇಖನ ಬರೆದು, ಒಬ್ಬೊಬ್ಬ ರೈತನ ಇಳುವರಿಗಲ್ಲದೆ ಒಂದು ಪ್ರದೇಶದ ಸರಾಸರಿ ಇಳುವರಿಗೆ ವಿಮೆ ಮಾಡಬೇಕೆಂದು ವಾದಿಸಿದರು. ಒಬ್ಬನ ಹೊಲಕ್ಕೇ ವಿಮೆ ಮಾಡಿದರೆ ಎರಡು ತೊಂದರೆಗಳುಂಟು. ವಿಮೆ ಇದೆಯಲ್ಲ ಎಂದು ಕೆಲವರು ಕಳೆ ಕೀಳುವುದನ್ನೇ ಬಿಟ್ಟಾರು; ನಷ್ಟ ಖಚಿತವೆಂದು ಬಲ್ಲವರು ಮಾತ್ರ ವಿಮೆ ಮಾಡಿಸಿಯಾರು. ಪ್ರದೇಶದ ಸರಾಸರಿಗೆ ವಿಮೆ ಮಾಡಿದರೆ ಶ್ರಮಪಟ್ಟವನಿಗೆ ತನ್ನ ಬೆಳೆಯೂ ಉಳಿಯುತ್ತದೆ, ಊರಿಗೆ ಬಂದ ಪರಿಹಾರವೂ ಸಿಗುತ್ತದೆ. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಎಲ್ಲವೂ ಈ ತತ್ತ್ವದ ಮೇಲೆಯೇ ನಿಂತಿವೆ.

ಇದರ ಲೆಕ್ಕವನ್ನು ಉದಾಹರಣೆಯಿಂದ ತಿಳಿಸುತ್ತೇವೆ. ಒಂದು ಗ್ರಾಮ ಪಂಚಾಯತಿಯಲ್ಲಿ ತೊಗರಿಗೆ ಗೊತ್ತುಪಡಿಸಿದ ಇಳುವರಿ ಎಕರೆಗೆ 5 ಕ್ವಿಂಟಲ್ ಎನ್ನೋಣ. ಬೆಳೆ ಕಟಾವು ಪ್ರಯೋಗದಲ್ಲಿ ಕಂಡದ್ದು 3 ಕ್ವಿಂಟಲ್. ಕೊರತೆ ಐದರಲ್ಲಿ ಎರಡು, ಅಂದರೆ 40 ಪ್ರತಿಶತ. ವಿಮೆಯ ಮೊತ್ತ ಎಕರೆಗೆ 20,000 ರೂಪಾಯಿ ಇದ್ದರೆ 8,000 ರೂಪಾಯಿ ಬರಬೇಕು. ಇದಕ್ಕೆ ರೈತ ಕಟ್ಟುವ ಕಂತು ಮುಂಗಾರಿನಲ್ಲಿ ಹೆಚ್ಚೆಂದರೆ 2 ಪ್ರತಿಶತ, ಅಂದರೆ 400 ರೂಪಾಯಿ. ಹಿಂಗಾರಿನಲ್ಲಿ ಒಂದೂವರೆ ಪ್ರತಿಶತ; ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ 5 ಪ್ರತಿಶತ. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರಕಾರಗಳು ತೆರುತ್ತವೆ.

ಲೆಕ್ಕ ಚೆನ್ನಾಗಿದೆ. ಆದರೂ ಇಂಡಿ ತಾಲೂಕಿನಲ್ಲಿ ನಮ್ಮ ಹೊಲ ನೋಡಿಕೊಳ್ಳುವ ಅಣ್ಣನಿಗೆ ನಾವು ಇದನ್ನು ವಿವರಿಸಿದಾಗ ಆತ ನಕ್ಕುಬಿಟ್ಟ. ಆ ವರ್ಷ ಹಳ್ಳದ ಆಚೆಯ ಹೊಲಗಳಿಗೆ ಎರಡು ಒಳ್ಳೆಯ ಮಳೆ ಬಿದ್ದು ಬೆಳೆ ಬಂದಿತ್ತು. ಈಚೆ ನಮ್ಮ ತೊಗರಿ ಹೂವಿನಲ್ಲೇ ಉದುರಿತ್ತು. ಪಂಚಾಯತಿಯ ಸರಾಸರಿ ಮಾತ್ರ ಸರಿಯಾಗಿತ್ತು. "ಸರಾಸರಿ ಮಳಿ ನಮ್ಮ ಹೊಲದಾಗ ಬೀಳೂದಿಲ್ಲ, ತಮ್ಮಾ" ಎಂದ. ಚಕ್ರವರ್ತಿಯವರ ಮಳೆಮಾಪಕಕ್ಕೂ ದಾಂಡೇಕರರ ಪ್ರದೇಶಕ್ಕೂ ಇರುವ ಮುಖ್ಯ ದೋಷವನ್ನು ಆತ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರದೇಶ ಕಿರಿದಾದಷ್ಟೂ ದೋಷ ಕಡಿಮೆ ಎಂಬುದಷ್ಟೇ ಸಮಾಧಾನ. ಕರ್ನಾಟಕದಲ್ಲಿ ಪಂಚಾಯತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿರುವುದು ಆ ದಿಕ್ಕಿನ ಒಳ್ಳೆಯ ಕೆಲಸ.

ಹವಾಮಾನ ಬದಲಾದಂತೆ ಇನ್ನೊಂದು ತೊಡಕು ಎದುರಾಗುತ್ತದೆ. ಮೇಲೆ ಹೇಳಿದ ಗೊತ್ತುಪಡಿಸಿದ ಇಳುವರಿಯನ್ನು, ಕಳೆದ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯಿಂದ ತೆಗೆಯುತ್ತಾರೆ. ಏಳರಲ್ಲಿ ಎರಡು ವರ್ಷ ಕೆಟ್ಟರೆ ಅವು ಲೆಕ್ಕದಿಂದ ಹೊರಗುಳಿಯುತ್ತವೆ. ಮೂರನೆಯ ವರ್ಷವೂ ಕೆಟ್ಟರೆ ಅದು ಸರಾಸರಿಯೊಳಕ್ಕೆ ಸೇರಿ ಮಟ್ಟವನ್ನೇ ತಗ್ಗಿಸುತ್ತದೆ. ಬರ ಪದೇ ಪದೇ ಬಂದಷ್ಟೂ ವಿಮೆಯ ಆಸರೆ ಕುಗ್ಗುತ್ತದೆ. ಕಂಪನಿಯವರು ಕೇಳುವ ಕಂತು ಮಾತ್ರ ಏರುತ್ತದೆ. ಹಿಂದಿನ ಕಾಲವನ್ನು ನೋಡಿ ಮುಂದಿನದನ್ನು ಅಳೆಯುವ ಶಾಸ್ತ್ರಕ್ಕೆ ಕಾಲವೇ ಬದಲಾದಾಗ ಒದಗುವ ಸಂಕಟವಿದು.

ವಿಮೆಯೊಂದೇ ಸಾಕೆಂದು ನಾವೂ ಹೇಳುವುದಿಲ್ಲ. ಅಮೆರಿಕದಲ್ಲಿ ಆನನ್ ಮತ್ತು ಶ್ಲೆಂಕರ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ತೋರಿಸಿದಂತೆ, ವಿಮೆಯಾದ ಮೆಕ್ಕೆಜೋಳ ಮತ್ತು ಸೋಯಾ ಬೆಳೆಗಳು ಅತಿಯಾದ ಬಿಸಿಲಿಗೆ ಹೆಚ್ಚು ಬಾಡುತ್ತವೆ. ನಷ್ಟ ತುಂಬಿಬರುವಾಗ ಬೆಳೆಯನ್ನು ಕಾಪಾಡಿಕೊಳ್ಳುವ ತವಕ ತಗ್ಗುತ್ತದೆ. ನಮ್ಮ ದೇಶದ ಅನುಭವ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಆಂಧ್ರದಲ್ಲಿ ನಡೆದ ಪ್ರಯೋಗದಲ್ಲಿ, ಮಳೆಯ ವಿಮೆ ದೊರೆತ ರೈತರು ಅಪಾಯವಿದ್ದರೂ ಲಾಭ ಹೆಚ್ಚಿರುವ ಬೆಳೆಗಳತ್ತ ಧೈರ್ಯದಿಂದ ತಿರುಗಿದರು. ವಿಮೆ ಧೈರ್ಯವನ್ನು ಕೊಡಬಲ್ಲುದು, ನೀರನ್ನು ಕೊಡಲಾರದು. ಕೃಷಿಹೊಂಡ, ಬದು, ಬರ ತಡೆಯುವ ಜೋಳ ಸಜ್ಜೆಗಳು, ಇವುಗಳ ಜೊತೆಯಲ್ಲಿ ಸಾಗಿದರೆ ಮಾತ್ರ ಅದು ಸಾರ್ಥಕ.

ಆಂಧ್ರ ಮತ್ತು ಗುಜರಾತಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಮಾತು ನಮಗೆ ಹೆಚ್ಚು ಹತ್ತಿರದ್ದು. ಊರಿನವರು ನಂಬುವ ಪರಿಚಿತರು ವಿಮೆಯವನನ್ನು ಪರಿಚಯಿಸಿಕೊಟ್ಟಾಗ, ಅದನ್ನು ಕೊಳ್ಳುವವರು ಹೆಚ್ಚಾದರು. ಕಂತಿನ ಬೆಲೆಯಂತೆ ನಂಬಿಕೆಯೂ ಎಣಿಕೆಗೆ ಬರುತ್ತದೆ.

ಆ ನಂಬಿಕೆ ಕೆಡುವುದು ಹೇಗೆಂದು ನಾವು ಬಲ್ಲೆವು. ಹಿಂದೆ ಹಳ್ಳಿಯ ಶಾಖೆಯಲ್ಲಿದ್ದಾಗ ಒಬ್ಬ ರೈತನ ಅರ್ಜಿಯಲ್ಲಿ ತೊಗರಿ ಎಂದು ಬರೆಯಬೇಕಾದಲ್ಲಿ, ಹಿಂದಿನ ವರ್ಷದ ಕಾಗದ ನೋಡಿ ಹತ್ತಿ ಎಂದು ಬರೆದೆವು. ಬೆಳೆ ಸಮೀಕ್ಷೆಗೆ ಅದು ತಾಳೆಯಾಗಲಿಲ್ಲ, ಪರಿಹಾರ ನಿಂತಿತು. ಅಂಥ ತಪ್ಪಿಗೆ ಬ್ಯಾಂಕೇ ಹೊಣೆಯೆಂಬ ನಿಯಮವುಂಟು; ಹಣವೂ ಕಡೆಗೆ ಸಂದಿತು. ಅಷ್ಟರಲ್ಲಿ ಮರುವರ್ಷದ ಬಿತ್ತನೆ ಮುಗಿದಿತ್ತು, ಆತ ಬೀಜಕ್ಕಾಗಿ ಕೈಸಾಲ ಮಾಡಿದ್ದ. ಕೌಂಟರಿನ ಮುಂದೆ ನಿಂತು ಆತ ನಮ್ಮನ್ನು ಬಯ್ಯಲಿಲ್ಲ. ಮುಂದಿನ ವರ್ಷದಿಂದ ವಿಮೆ ಬೇಡವೆಂದು ಬರೆದುಕೊಟ್ಟು ಹೋದ. ಚಕ್ರವರ್ತಿಯವರ ಪುಸ್ತಕವೂ ದಾಂಡೇಕರರ ವಾದವೂ ಆ ಒಂದು ಪದದ ತಪ್ಪಿನಲ್ಲಿ ಮುಗ್ಗರಿಸಿದವು.

ಆದುದರಿಂದ ಊರಿನಲ್ಲಿ ಹೊಲವಿರುವ ತಮ್ಮೆಲ್ಲರಲ್ಲಿ ನಮ್ಮ ವಿನಂತಿ ಇಷ್ಟೆ. ತೀರಿಹೋದ ತಂದೆ ಅಜ್ಜಂದಿರ ಹೆಸರಿನಲ್ಲೇ ಉತಾರ ಉಳಿದಿದ್ದರೆ ವಾರಸಾ ಮಾಡಿಸಿರಿ. ಇಲ್ಲದಿದ್ದರೆ ಅಲ್ಲಿ ಉಳುವ ಅಣ್ಣತಮ್ಮಂದಿರಿಗೆ ಸಾಲವೂ ವಿಮೆಯೂ ತೊಡಕಾಗುತ್ತವೆ. ವಿಮೆಯ ರಸೀದಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಒಂದೇ ಬೆಳೆಯ ಹೆಸರಿದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ. ಇಂದು ಅದನ್ನು ಪುಣೆಯಲ್ಲಿ ಕುಳಿತೇ ಫೋನಿನಲ್ಲಿ ನೋಡಬಹುದು. ಆಲಿಕಲ್ಲಿನಿಂದ ಹೊಲ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂದು ಊರಿನವರಿಗೆ ನೆನಪಿಸಿರಿ. 2020ರಿಂದ ಈ ವಿಮೆ ಕಡ್ಡಾಯವಲ್ಲ. ಬೇಡವೆನ್ನುವ ಮುನ್ನ ಲೆಕ್ಕ ಹಾಕಿ ನೋಡಲೆಂದು ಹೇಳಿರಿ.

ಊರು ಬಿಟ್ಟು ಬಂದವರು ಊರಿಗೆ ಹಣ ಕಳಿಸುತ್ತೇವೆ, ಜಾತ್ರೆಗೆ ವಂತಿಗೆ ಕೊಡುತ್ತೇವೆ. ಅದರ ಜೊತೆಗೆ ನಮ್ಮ ಓದು ಬರಹದ ಒಂದು ಪಾಲನ್ನೂ ಕಳಿಸುವುದು ನ್ಯಾಯ. "ಮಳಿ ಹ್ಯಾಂಗದ?" ಎಂದು ಕೇಳಿದ ಮೇಲೆ "ಕಾಗದ ಸರಿ ಅದಾವೇನು?" ಎಂದೂ ಒಂದು ಮಾತು ಕೇಳೋಣ. ಇಂದು ಸಂಜೆ ಅಣ್ಣನಿಗೆ ಫೋನು ಮಾಡಿ ನಾವೂ ಅದನ್ನೇ ಕೇಳುವವರಿದ್ದೇವೆ. ಸರಾಸರಿಯ ಬಗ್ಗೆ ಆತ ಹೇಳಿದ ಮಾತಿಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂಬುದನ್ನೂ ಒಪ್ಪಿಕೊಳ್ಳುವವರಿದ್ದೇವೆ.