ಚೀಟಿಯಿಲ್ಲದ ಕವಡೆ

ಹೈದರಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರವೇ. ಮಚಲೀಪಟ್ಟಣಕ್ಕೂ ಮುನ್ನೂರು ಕಿಲೋಮೀಟರಿಗೆ ಮೇಲೆ. ನಮ್ಮ ಕಾರವಾರಕ್ಕಾದರೆ ಇಡೀ ರಾತ್ರಿ ಬಸ್ಸಿನಲ್ಲಿ ಕೂತಿರಬೇಕು. ಇಂಥ ಬಂಡೆಗಲ್ಲಿನ ಊರಿನಲ್ಲಿದ್ದುಕೊಂಡು ಭಾನುವಾರ ಬೆಳಿಗ್ಗೆ ಕಡಲಚಿಪ್ಪಿನ ಫೋಟೋ ತೆಗೆಯುತ್ತೇನೆಂದರೆ ಮನೆಯವರೇ ನಗುತ್ತಾರೆ. ನಗಲಿ. ಅಡುಗೆಮನೆಯ ಕಿಟಕಿಯಲ್ಲಿ ಎಂಟು ಗಂಟೆಯ ಬೆಳಕು ಚೆನ್ನಾಗಿರುತ್ತದೆ. ಒಂದು ಬಿಳಿ ಹಾಳೆ, ಒಂದು ಫೋನು, ಅಷ್ಟೇ ಸಾಮಾನು.

ಮೊನ್ನೆ ತೆಗೆದದ್ದು ನಮ್ಮ ಚೌಕಾಬಾರದ ಕವಡೆಗಳದ್ದು. ಅಜ್ಜಿಯ ಕಾಲದ ತಗಡಿನ ಡಬ್ಬಿಯಲ್ಲಿ ನಾಲ್ಕಿವೆ. ಕವಡೆಯ ಫೋಟೋ ತೆಗೆಯುವುದೂ ಕನ್ನಡಿಯ ಫೋಟೋ ತೆಗೆಯುವುದೂ ಒಂದೇ. ಮೊದಲ ಚಿತ್ರದಲ್ಲಿ ಅದರ ಬೆನ್ನ ಮೇಲೆ ನಮ್ಮ ಕಿಟಕಿ, ಕಿಟಕಿಯ ಸರಳು, ಫೋನು ಹಿಡಿದ ನನ್ನ ಕೈ ಎಲ್ಲ ಮೂಡಿದ್ದವು, ಕವಡೆ ಮಾತ್ರ ಕಾಣುತ್ತಿರಲಿಲ್ಲ. ಗಾಜಿಗೆ ಬೆಣ್ಣೆ ಕಾಗದ ಅಂಟಿಸಿದ ಮೇಲೆ ಬೆಳಕು ಮೆತ್ತಗಾಯಿತು.

ಇಷ್ಟು ಹೊಳಪು ಎಲ್ಲಿಂದ ಬಂತು? ಗದ್ದೆಯ ಬಸವನಹುಳುವಿನ ಚಿಪ್ಪು ಬಿಸಿಲು ಮಳೆಗೆ ಮಂಕಾಗುತ್ತದೆ. ಕವಡೆಯೊಳಗಿನ ಜೀವಿ ಹಾಗಲ್ಲ. ಮೈಯ ತೆಳ್ಳನೆಯ ಪೊರೆಯನ್ನು ಬಾಯಿಯ ಸೀಳಿನಿಂದ ಹೊರಚಾಚಿ, ಎರಡೂ ಪಕ್ಕದಿಂದ ಶಾಲು ಹೊದ್ದ ಹಾಗೆ ಚಿಪ್ಪಿನ ಬೆನ್ನನ್ನು ಮುಚ್ಚಿಕೊಳ್ಳುತ್ತದೆ. ಹೊಳಪಿನ ಪದರವನ್ನು ಹೊರಗಿನಿಂದಲೇ ಹಚ್ಚುತ್ತದೆ. ಜೀವ ಹೋಗಿ ಎಷ್ಟೋ ವರ್ಷವಾದ ಮೇಲೂ, ನಮ್ಮ ಮನೆಯ ಮಕ್ಕಳು ಮೂರು ತಲೆಮಾರು ನೆಲಕ್ಕೆ ಎಸೆದ ಮೇಲೂ, ಆ ಮೆರುಗು ಪೂರ್ತಿ ಹೋಗಿಲ್ಲ.

ಚಿಪ್ಪು ಕೂಡಿಸುವವರಲ್ಲಿ ಒಂದು ಕಟ್ಟುನಿಟ್ಟು ಇದೆ. ಪ್ರತಿ ಚಿಪ್ಪಿನ ಜೊತೆ ಒಂದು ಚೀಟಿ ಇರಬೇಕು: ಯಾವ ದಂಡೆ, ಯಾವ ದಿನ, ಮರಳೋ ಬಂಡೆಯೋ. ಎಷ್ಟೇ ಚೆಂದದ ಚಿಪ್ಪಾಗಲಿ, ಚೀಟಿ ಇಲ್ಲದಿದ್ದರೆ ವಿಜ್ಞಾನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಚಿಕ್ಕಂದಿನಲ್ಲಿ ನಾನು ಕಾರವಾರದಲ್ಲಿ ಹೆಕ್ಕಿದ್ದ ರಾಶಿಗೆ ಚೀಟಿ ಬರೆದಿರಲಿಲ್ಲ. ಸಾಲದ್ದಕ್ಕೆ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಬಹಳ ವರ್ಷದ ಮೇಲೆ ತೆಗೆದರೆ ಮೈತುಂಬ ಬಿಳಿ ಪುಡಿ. 1899ರಲ್ಲಿ ಬೈನ್ ಎಂಬ ಇಂಗ್ಲಿಷ್ ಸಂಗ್ರಾಹಕ ಇದನ್ನು ಕುರಿತು ಬರೆದ. ಬ್ಯಾಕ್ಟೀರಿಯಾ ಕಾಟವೆಂದು ತಿಳಿದಿದ್ದ. ನಿಜವಾಗಿ ಮರದಿಂದ ಹೊರಡುವ ಆಮ್ಲದ ಆವಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ಹೆಸರು ಮಾತ್ರ ಇಂದಿಗೂ ಬೈನ್ ರೋಗ ಎಂದೇ ಉಳಿದಿದೆ.

ಈಗ ನಾನು ಹೆಕ್ಕುವುದು ಕಡಿಮೆ. ಹೋದ ಸಲ ಕಾರವಾರದಲ್ಲಿ ಬೆರಳುಗಾತ್ರದ ಶಂಖವೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರೆ ಅದು ನಡೆಯತೊಡಗಿತು. ಒಳಗೆ ಸನ್ಯಾಸಿ ಏಡಿ, ಖಾಲಿ ಚಿಪ್ಪು ಹುಡುಕಿ ಒಕ್ಕಲು ಬಂದ ಬಿಡಾರಗಾರ. ಸ್ಪೇನಿನ ಒಂದು ಕಡಲತೀರದಲ್ಲಿ ಮೂವತ್ತು ವರ್ಷದ ಅಂತರದಲ್ಲಿ ಎರಡು ಬಾರಿ ಚಿಪ್ಪು ಎಣಿಸಿದ ಸಂಶೋಧಕರು 2014ರಲ್ಲಿ ಲೆಕ್ಕ ಕೊಟ್ಟರು: ಪ್ರವಾಸಿಗರು ಸುಮಾರು ಮೂರು ಪಟ್ಟು ಹೆಚ್ಚಿದ್ದರು, ಚಿಪ್ಪುಗಳು ಮೂರನೇ ಒಂದರ ಹತ್ತಿರಕ್ಕೆ ಇಳಿದಿದ್ದವು. ನಮ್ಮಲ್ಲಿ ನಾಟಿಲಸ್, ಟ್ರೈಟನ್ ಶಂಖದಂಥವು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅಂಗಡಿಯಲ್ಲಿ ಕಂಡರೂ ಕೊಳ್ಳಬಾರದು. ಅದಕ್ಕೇ ಹೆಕ್ಕುವ ಬದಲು ಫೋಟೋ ತೆಗೆಯುತ್ತೇನೆ. ಫೋನಾದರೋ ಊರು, ತಾರೀಕು ತಾನೇ ಬರೆದುಕೊಳ್ಳುತ್ತದೆ. ಬಾಯಿಯ ಕಡೆಯಿಂದೊಂದು, ಬೆನ್ನ ಕಡೆಯಿಂದೊಂದು, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ಚಿಪ್ಪು ಅಲ್ಲೇ ಇರುತ್ತದೆ, ಚೀಟಿ ನನ್ನ ಜೇಬಿಗೆ ಬರುತ್ತದೆ.

ಹಾಗಾದರೆ ಅಜ್ಜಿಯ ಕವಡೆಗೆ ಏನೆಂದು ಬರೆಯುವುದು? ಈ ಜಾತಿಗೆ ಲಿನೇಯಸ್ 1758ರಲ್ಲಿ ಇಟ್ಟ ಹೆಸರಿನಲ್ಲೇ ಹಣ ಎಂಬ ಅರ್ಥವಿದೆ. ನಮ್ಮ ನಾಡಿಗೆ ಬಂದ ಕವಡೆಗಳ ದೊಡ್ಡ ತವರು ಮಾಲ್ಡೀವ್ಸ್. ತೆಂಗಿನ ಗರಿಗಳನ್ನು ನೀರಿಗೆ ಬಿಟ್ಟು, ಅವಕ್ಕೆ ಹತ್ತಿಕೊಂಡ ಹುಳುಗಳನ್ನು ದಡಕ್ಕೆಳೆದು ಒಣಗಿಸುತ್ತಿದ್ದರೆಂದು ಹಳೆಯ ಅರಬ್ ಬರಹಗಾರರು ಹೇಳುತ್ತಾರೆ. 1340ರ ದಶಕದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತ, ಅವು ಬಂಗಾಳಕ್ಕೆ ಹೋಗಿ ಬದಲಿಗೆ ಅಕ್ಕಿ ಬರುವುದನ್ನು ಬರೆದಿದ್ದಾನೆ. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಬೈಯುವಾಗ ಆ ಕಾಸಿಗೆ ಅಕ್ಕಿ ಸಿಗುತ್ತಿತ್ತೆಂಬುದು ನೆನಪಿರುವುದಿಲ್ಲ.

ದಖ್ಖನಿನ ಒಳನಾಡಿನಲ್ಲಿ ಕವಡೆ ಕಾಣಬೇಕೆಂದರೆ ಲಂಬಾಣಿಗರ ಕಸೂತಿ ನೋಡಬೇಕು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರು. ಲಂಗದ ಅಂಚಿಗೆ, ಚೀಲದ ಬಾಯಿಗೆ ಕವಡೆ ಹೊಲಿದರು. ಇಂದು ಶ್ರೀಮಂತರ ಬಂಗಲೆಗಳಿರುವ ಬಂಜಾರಾ ಹಿಲ್ಸ್ ಅವರ ಇನ್ನೊಂದು ಹೆಸರನ್ನೇ ಹೊತ್ತಿದೆ. ಸವದತ್ತಿಯ ಎಲ್ಲಮ್ಮನ ಜೋಗತಿಯರ ಕೊರಳಲ್ಲೂ ಕವಡೆ ಸರ. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಬೀದರಿನ ಕೋಟೆಯಲ್ಲಿ ರಂಗೀನ್ ಮಹಲ್ ಇದೆಯಲ್ಲ, ಅಲ್ಲಿ ದೊರೆ ಅಲಿ ಬರೀದನ ಕಾಲದ ಕುಶಲಕರ್ಮಿಗಳು ಕರಿಕಲ್ಲು ಕೊರೆದು ಮುತ್ತಿನಚಿಪ್ಪಿನ ಬಳ್ಳಿ ಕೂರಿಸಿದ್ದಾರೆ. ಟಾರ್ಚು ಹಿಡಿದರೆ ಗೋಡೆಯಲ್ಲಿ ತಿಳಿಹಸಿರು, ನಸುಗೆಂಪು ಓಡಾಡುತ್ತವೆ. ನಾನು ಅಲ್ಲಿ ತೆಗೆದ ಫೋಟೋಗಳಲ್ಲಿ ಒಂದೂ ಆ ಬಣ್ಣ ಹಿಡಿದಿಲ್ಲ, ಹೇಳಲು ನಾಚಿಕೆ. ಆ ಚಿಪ್ಪು ಯಾವ ನೀರಿನದೆಂದು ಗೋಡೆ ಹೇಳುವುದಿಲ್ಲ. ಅದಕ್ಕೂ ಚೀಟಿಯಿಲ್ಲ.

ಇಷ್ಟೆಲ್ಲ ಯೋಚಿಸುತ್ತ ಬಿಳಿ ಹಾಳೆಯ ಮೂಲೆಯಲ್ಲಿ ಪೆನ್ಸಿಲು ಆಡಿಸುತ್ತಿದ್ದೆ. ಪಕ್ಕದ ಮನೆಯ ತೆಲುಗು ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು. ಆಟಕ್ಕೆ ಹೊತ್ತಾಗಿತ್ತು. ನಾಲ್ಕೂ ಕವಡೆ ಬಾಯಿ ಮೇಲೆ ಮಾಡಿ ಬಿದ್ದರೆ ನಮಗೆ ಚೌಕ, ಅವರಿಗೆ ಚಮ್ಮ. ನಾಲ್ಕೂ ಬೋರಲು ಬಿದ್ದರೆ ನಮಗೆ ಬಾರ, ಅವರಿಗೆ ಅಷ್ಟ. ಎಣಿಕೆ ಎರಡೂ ಮನೆಯಲ್ಲಿ ಒಂದೇ, ನಾಲ್ಕು ಮತ್ತು ಎಂಟು.

"ಗವ್ವಲು ಎಕ್ಕಡ?" ಎಂದರು ಅಜ್ಜಿ. ಕವಡೆಗಳನ್ನು ಅವರ ಕೈಗೆ ಕೊಟ್ಟು, ಚೀಟಿಯ ಮೇಲೆ ಹೀಗೆ ಬರೆದೆ: ಹೈದರಾಬಾದು, ಭಾನುವಾರ, ಅಜ್ಜಿಯ ಡಬ್ಬಿ, ಆಟಕ್ಕೆ ಹೋಗಿವೆ.