ಗೆಲ್ಲುವ ಮಗು ಆಟ ಬಿಟ್ಟಾಗ



ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲಾ ಮಕ್ಕಳು ಈ ಮೆಟ್ಟಿಲು ಹತ್ತಿಯೇ ಚಿತ್ರದುರ್ಗಕ್ಕೆ ಆಡಲು ಬರುತ್ತಾರೆ. ಸೋತು ಹಿಂದುಳಿದವರ ಮಾತು ಇವತ್ತು ಬೇಡ. ಗೆಲ್ಲುತ್ತಲೇ ಇದ್ದು, ಒಂದು ದಿನ ‘ನಾನು ಇನ್ನು ಆಡುವುದಿಲ್ಲ’ ಎನ್ನುವ ಹುಡುಗಿಯ ವಿಷಯ ಮಾತಾಡೋಣ.

‘ಸೋಮಾರಿಯಾದಳು’, ‘ಕೊಬ್ಬು ಬಂತು’ ಎಂದುಬಿಡುತ್ತೇವೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಬರ್ನ್‌ಔಟ್ ಎಂದು ಹೆಸರು. ಎಣ್ಣೆ ತೀರಿದ ದೀಪದ ಸ್ಥಿತಿ. ಬರಿಯ ದಣಿವಾದರೆ ಎರಡು ದಿನದ ನಿದ್ದೆಗೆ ಹೋಗುತ್ತದೆ, ಇದು ಹೋಗುವುದಿಲ್ಲ. 2001ರಲ್ಲಿ ರೆಡೆಕ್ ಮತ್ತು ಸ್ಮಿತ್ ಎಂಬ ಸಂಶೋಧಕರು ಇದನ್ನು ಅಳೆಯಲು ರೂಪಿಸಿದ ಪ್ರಶ್ನಾವಳಿ ಮೂರು ಗುರುತು ಹುಡುಕುತ್ತದೆ: ಮೈಮನಸ್ಸುಗಳ ಬಳಲಿಕೆ, ಎಷ್ಟು ಮಾಡಿದರೂ ಏನೂ ಸಾಧಿಸಲಿಲ್ಲವೆಂಬ ಭಾವನೆ, ಪ್ರೀತಿಸಿದ ಆಟದ ಮೇಲೇ ತಾತ್ಸಾರ. ಈ ಮೂರನೆಯದು ಮನೆಯವರ ಕಣ್ಣಿಗೆ ಬೇಗ ಬೀಳಬೇಕು.

ಕಾರಣವೇನು? ಅಮೆರಿಕದ ಸಮಾಜಶಾಸ್ತ್ರಜ್ಞ ಜೇ ಕೋಕ್ಲಿ 1992ರಲ್ಲಿ, ಇದನ್ನು ಮಗುವಿನ ದೌರ್ಬಲ್ಯವೆಂದು ನೋಡಬೇಡಿ ಎಂದರು. ‘ಆಟಗಾರ್ತಿ’ ಎಂಬ ಒಂದೇ ಗುರುತು ಉಳಿದು, ತನ್ನ ಬದುಕಿನ ತೀರ್ಮಾನಗಳೆಲ್ಲ ಬೇರೆಯವರ ಕೈ ಸೇರಿದಾಗ ಮಗು ಆಟ ಬಿಡುತ್ತದೆ ಎಂಬುದು ಅವರ ವಾದ. ನನಗೆ ಇದು ನಮ್ಮ ಮನೆಗಳನ್ನೇ ನೋಡಿ ಹೇಳಿದಂತೆ ಕಾಣುತ್ತದೆ. ಪದಕದ ಹಿಂದೆ ಕ್ರೀಡಾ ಕೋಟಾದ ಸೀಟು, ಪೊಲೀಸ್ ಅಥವಾ ರೈಲ್ವೆ ನೌಕರಿಯ ಆಸೆ ಇರುತ್ತದೆ. ಮಳೆ ನಂಬಿ ಬಿತ್ತುವ ಮನೆಗೆ ಅದು ಸಣ್ಣ ಆಸೆಯಲ್ಲ, ತಪ್ಪೆನ್ನಲಾರೆ. ಆದರೆ ಹದಿಮೂರು ವರ್ಷದವಳ ಹೆಗಲ ಮೇಲೆ ಮನೆಯ ಸಾಲವನ್ನೂ ಕೂರಿಸಿದರೆ ಅವಳು ಖೋ ಖೋ ಅಂಕಣದಲ್ಲಿ ಓಡುವುದಾದರೂ ಹೇಗೆ?

ಹೆಸರಾದವರನ್ನೂ ಮನಸ್ಸಿನ ನೋವು ಬಿಡುವುದಿಲ್ಲ. ಕೊಡಗಿನ ರಾಬಿನ್ ಉತ್ತಪ್ಪ 2006ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಭಾರತದ ಕ್ರಿಕೆಟ್ ತಂಡಕ್ಕೆ ಆಡಿದರು. 2009ರಿಂದ 2011ರವರೆಗೆ ತಾವು ಖಿನ್ನತೆಯೊಡನೆ ಸೆಣಸಿದ್ದನ್ನು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಖಿನ್ನತೆಯೂ ಬರ್ನ್‌ಔಟೂ ಒಂದೇ ಅಲ್ಲ, ನಿಜ. ಆದರೆ ಅಂಥವರಿಗೇ ಬಾಯಿಬಿಡುವುದು ಸುಲಭವಲ್ಲವಾದರೆ ಹಾಸ್ಟೆಲ್ ಸೇರಿದ ಹುಡುಗಿ ಯಾರ ಮುಂದೆ ಹೇಳಿಯಾಳು?

ಪಂದ್ಯ ಮುಗಿಸಿ ಮನೆಗೆ ಬಂದವಳನ್ನು ‘ಎಷ್ಟನೆಯ ಸ್ಥಾನ?’ ಎಂದು ಕೇಳುವ ಮೊದಲು ಊಟಕ್ಕೆ ಕರೆಯಿರಿ. ವಾರಕ್ಕೆ ಒಂದು ದಿನ ಅಭ್ಯಾಸವಿಲ್ಲದೆ ಇರಲಿ; ಆ ದಿನ ಏನು ಮಾಡಬೇಕೆಂಬುದನ್ನು ಅವಳೇ ಹೇಳಲಿ. ಆಟ ಬಿಡುತ್ತೇನೆ ಎಂದ ದಿನ ಬಯ್ಯದೆ, ತಿಂಗಳು ಬಿಟ್ಟು ನೋಡೋಣ ಎನ್ನಿ, ದೈಹಿಕ ಶಿಕ್ಷಕರಿಗೂ ಹೇಳಿ ಒಪ್ಪಿಸಿ. ಎರಡು ವಾರ ಕಳೆದರೂ ನಿದ್ದೆ, ಊಟ, ಮಾತು ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.